ಪಗಾರವಿಲ್ಲದ ಬೆಂಕಿ

ಕೆಲವು ವರ್ಷಗಳ ಹಿಂದೆ ಪ್ರಾಜೆಕ್ಟಿನ ಕೆಲಸಕ್ಕೆಂದು ನಾಲ್ಕು ತಿಂಗಳು ಬರ್ಮಿಂಗ್‌ಹ್ಯಾಮಿನಲ್ಲಿದ್ದೆ. ಒಂದು ಶನಿವಾರ ಅಲ್ಲಿಂದ ರೈಲು ಹಿಡಿದು ವೇಲ್ಸ್‌ನ ಕಡಲತೀರದ ಟವಿನ್ ಎಂಬ ಊರಿಗೆ ಹೋದೆ. ಅಲ್ಲಿಂದ ಕಣಿವೆಯೊಳಗೆ ಟಾಲಿಲಿನ್ ರೈಲ್ವೆಯ ಪುಟ್ಟ ಉಗಿಬಂಡಿ ಹೊರಡುತ್ತದೆ. ಹಳಿಗಳ ನಡುವೆ ಬರೀ ಎರಡೂಕಾಲು ಅಡಿ ಅಗಲ. ಎಂಜಿನ್ನಿನಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ನೀಲಿ ಡಂಗ್ರಿ ತೊಟ್ಟು ಕಲ್ಲಿದ್ದಲು ಹಾಕುತ್ತಿದ್ದರು. ಸೋಮವಾರದಿಂದ ಶುಕ್ರವಾರದವರೆಗೆ ಅವರು ಯಾವುದೋ ಕಚೇರಿಯಲ್ಲಿ ಲೆಕ್ಕಪತ್ರ ನೋಡುವವರಂತೆ. ಕೇಳಿಕೊಂಡು ಒಂದು ವಿಡಿಯೋ ತೆಗೆದೆ, ಅಪ್ಪನಿಗೆ ಕಳಿಸಿದೆ. ರಾತ್ರಿ ಫೋನ್ ಬಂತು.

"ಆ ಬಾಯಿಗೆ ಪಗಾರ ಎಷ್ಟ ಕೊಡ್ತಾರ?"

"ಪಗಾರ ಇಲ್ಲಪಾ. ಅವರ ವರ್ಷಾ ವರ್ಷಾ ಕ್ಲಬ್ಬಿಗೆ ಚಂದಾ ಕಟ್ಟತಾರ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಂಗಾರ ಅದು ಆಟ" ಅಂದ.

ಅಪ್ಪ ಮೀಟರ್‌ಗೇಜಿನ ಉಗಿ ಎಂಜಿನ್ನಿನಲ್ಲಿ ಫೈರ್‌ಮನ್ ಆಗಿದ್ದವನು. ನಾನು ಬೆಳೆದದ್ದು ಉತ್ತರ ಕರ್ನಾಟಕದ ಒಂದು ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ರಾತ್ರಿ ಎರಡಕ್ಕೆ ಕಾಲ್‌ಬಾಯ್ ಬಂದು ಬಾಗಿಲು ಬಡಿಯುತ್ತಿದ್ದ, ಅಪ್ಪ ಅವನ ಪುಸ್ತಕದಲ್ಲಿ ಸಹಿ ಹಾಕಿ ಹೊರಡುತ್ತಿದ್ದ. ಮುಂದೆ ಬೆಂಕಿಯ ಬಾಯಿ, ಹಿಂದೆ ಬಯಲಿನ ಚಳಿಗಾಳಿ. ಬಲಗೈ ಮೊಣಕೈ ಕೆಳಗೆ ಸುಟ್ಟ ಕಲೆ ಇನ್ನೂ ಇದೆ. ಡೀಸೆಲ್ ಎಂಜಿನ್ನಿಗೆ ವರ್ಗವಾದ ದಿನ ಅವನು ಓಣಿಗೆಲ್ಲ ಪೇಡೆ ಹಂಚಿದ. ಉಗಿಯ ಕಾಲ ಮುಗಿಯಿತೆಂದು ಜಗತ್ತಿನ ರೈಲುಪ್ರಿಯರು ಕಣ್ಣೀರಿಡುವಾಗೆಲ್ಲ ನನಗೆ ಆ ಪೇಡೆಯ ಪೊಟ್ಟಣ ನೆನಪಾಗುತ್ತದೆ.

ಹೀಗಾಗಿ ಅಪ್ಪನ ಆ ಒಂದು ಮಾತು ನನ್ನನ್ನು ಬಿಡಲಿಲ್ಲ. ಒಬ್ಬ ಹೊಟ್ಟೆಪಾಡಿಗೆ ಮಾಡಿದ ಕೆಲಸವನ್ನು ಇನ್ನೊಬ್ಬ ರಜೆಯ ಸಂತೋಷಕ್ಕೆ ಮಾಡಿದರೆ, ಮೊದಲಿನವನಿಗೆ ಅದು ಗೌರವವೋ ಅವಮಾನವೋ? ಹಳೆಯದನ್ನು ಉಳಿಸುತ್ತೇವೆ ಎನ್ನುವವರು ಉಳಿಸುವುದು ಏನನ್ನು?

ಟಾಲಿಲಿನ್ ಕಥೆ ಈ ಪ್ರಶ್ನೆಗೆ ಒಳ್ಳೆಯ ಒರೆಗಲ್ಲು. ಯಾಕೆಂದರೆ ಸ್ವಯಂಸೇವಕರು ಕೈಗೆತ್ತಿಕೊಂಡು ನಡೆಸಿದ ಜಗತ್ತಿನ ಮೊದಲ ರೈಲ್ವೆ ಅದು. ಬ್ರಿನ್ ಎಗ್ಲುಯಿಸ್ ಎಂಬ ಗಣಿಯಿಂದ ಸ್ಲೇಟು ಕಲ್ಲು ಇಳಿಸಲು 1860ರ ದಶಕದಲ್ಲಿ ಹಾಕಿದ ಹಾದಿ. 1911ರಲ್ಲಿ ಗಣಿಯನ್ನೂ ರೈಲನ್ನೂ ಕೊಂಡ ಹೇಡನ್ ಜೋನ್ಸ್ ಅಲ್ಲಿಯ ಪಾರ್ಲಿಮೆಂಟ್ ಸದಸ್ಯ. ತಾನು ಬದುಕಿರುವಷ್ಟು ದಿನ ರೈಲು ಓಡುತ್ತದೆ ಎಂದು ಮಾತು ಕೊಟ್ಟಿದ್ದರು. 1946ರಲ್ಲಿ ಗಣಿ ಮುಚ್ಚಿತು, ರೈಲಿಗೆ ಹೊರಲು ಸರಕೇ ಇಲ್ಲ. ಆದರೂ ನಷ್ಟದಲ್ಲೇ ಬೇಸಿಗೆಯ ಪ್ರಯಾಣಿಕರನ್ನು ಹತ್ತಿಸಿಕೊಂಡು ಓಡಿಸಿದರು. 1950ರಲ್ಲಿ ತೀರಿಕೊಂಡರು. ಆಗ ಎಂಜಿನಿಯರ್ ಮತ್ತು ಲೇಖಕ ಟಾಮ್ ರೋಲ್ಟ್ ಅದೇ ವರ್ಷ ಅಕ್ಟೋಬರ್ 11ರಂದು ಬರ್ಮಿಂಗ್‌ಹ್ಯಾಮಿನ ಹೋಟೆಲೊಂದರಲ್ಲಿ ಸಭೆ ಸೇರಿಸಿದರು, ಸಂಘ ಹುಟ್ಟಿತು. 1951ರ ಮೇ 14ಕ್ಕೆ ಮೊದಲ ಬಂಡಿ ಬಿಟ್ಟರು.

ಕೈಗೆ ಬಂದದ್ದಾದರೂ ಏನು? ಓಡುವ ಸ್ಥಿತಿಯಲ್ಲಿದ್ದ ಎಂಜಿನ್ ಒಂದೇ, 1866ರ ಡೋಲ್ಗೋಖ್. ಹಳಿಗಳು ಎಷ್ಟು ಸವೆದಿದ್ದವೆಂದರೆ ಹಲವೆಡೆ ಅವು ಜಾರದಂತೆ ಹಿಡಿದಿದ್ದದ್ದು ಸುತ್ತ ಬೆಳೆದ ಹುಲ್ಲಿನ ಬೇರು. ಅದೇ ಅಳತೆಯ ಹಳಿಯಿದ್ದ ಪಕ್ಕದ ಕಾರಿಸ್ ರೈಲ್ವೆ 1948ರಲ್ಲಿ ಮುಚ್ಚಿತ್ತು, ಅದರ ಎರಡು ಎಂಜಿನ್ನುಗಳನ್ನು ತಲಾ 25 ಪೌಂಡಿಗೆ ಕೊಂಡು ತಂದರು. ಒಂದಕ್ಕೆ ಮಾಲೀಕ ಸರ್ ಹೇಡನ್ ಹೆಸರಿಟ್ಟರು. ಇನ್ನೊಂದಕ್ಕೆ ಇಟ್ಟದ್ದು ದಶಕಗಟ್ಟಲೆ ಅಲ್ಲಿ ಸಂಬಳಕ್ಕೆ ದುಡಿದ ಮ್ಯಾನೇಜರ್ ಎಡ್ವರ್ಡ್ ಥಾಮಸ್ ಹೆಸರು. ಈ ಎರಡನೆಯ ಹೆಸರು ಕಂಡಾಗ ನನಗೆ ಸಂಘದವರ ಮೇಲೆ ಪ್ರೀತಿ ಹುಟ್ಟಿತು. ಆದರೆ ಗಣಿಯಲ್ಲಿ ಕಲ್ಲು ಸೀಳಿದವರ ಹೆಸರು ಆ ದಿನ ನಾನು ನೋಡಿದ ಯಾವ ಎಂಜಿನ್ನಿನ ಮೇಲೂ ಇರಲಿಲ್ಲ.

ಅಂದಹಾಗೆ, ಮಕ್ಕಳ 'ಥಾಮಸ್' ರೈಲಿನ ಕಥೆಗಳನ್ನು ಬರೆದ ಪಾದ್ರಿ ಆಡ್ರಿ ಇಲ್ಲಿ ಸ್ವಯಂಸೇವಕ ಗಾರ್ಡ್ ಆಗಿದ್ದವರು. ಒಮ್ಮೆ ಚಹಾ ತಿಂಡಿ ಮಾರುವ ಹೆಂಗಸನ್ನೇ ಬಿಟ್ಟು ಹಸಿರು ನಿಶಾನೆ ತೋರಿಸಿಬಿಟ್ಟರಂತೆ. ಆ ಫಜೀತಿಯೂ ಕಥೆಯಾಯಿತು. ನನ್ನ ಮಗಳು ಅದನ್ನು ಪುಣೆಯಲ್ಲಿ ಕೂತು ನೋಡಿ ನಕ್ಕಿದ್ದಾಳೆ.

ಮುಖ್ಯ ಮಾತಿಗೆ ಬರುತ್ತೇನೆ. ರೈಲ್ವೆಯದೇ ಹೆಸರಿನ, 1864ರ ಟಾಲಿಲಿನ್ ಎಂಜಿನ್ 1945ರಿಂದ ಕೆಟ್ಟು ನಿಂತಿತ್ತು. ಬಹುಪಾಲು ಹೊಸದಾಗಿ ಕಟ್ಟಿ 1958ರಲ್ಲಿ ಅದನ್ನು ಹಳಿಗೆ ತಂದರು. ಹಾಗಾದರೆ ಅದು ಹಳೆಯ ಎಂಜಿನ್ನೇ? ನಾಗಸೇನ ಭಿಕ್ಷು ಮಿಲಿಂದ ರಾಜನನ್ನು ರಥದ ಬಗ್ಗೆ ಕೇಳಿದ್ದು ಇಂಥದೇ ಪ್ರಶ್ನೆ. ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ, ರಥ ಎಂಬುದು ವ್ಯವಹಾರಕ್ಕೆ ಇಟ್ಟ ಹೆಸರು. ನನ್ನ ಉದ್ಯೋಗದಲ್ಲೂ ಇದು ದಿನನಿತ್ಯದ ಸಂಗತಿ. ಹದಿನೈದು ವರ್ಷದಲ್ಲಿ ಒಂದೊಂದೇ ತುಂಡು ಬದಲಾಯಿಸಿ ಹಳೆಯ ಕೋಡಿನ ಒಂದು ಸಾಲೂ ಉಳಿಯದ ಸಿಸ್ಟಮ್ಮನ್ನು ಗ್ರಾಹಕರು "ನಮ್ಮ ಹಳೇ ಸಿಸ್ಟಮ್" ಎಂದೇ ಕರೆಯುತ್ತಾರೆ. ಬೈಯುವುದೂ ಅದೇ ಹೆಸರಿನಿಂದ.

ಆದರೆ ಹೆಸರು ಎಂದಷ್ಟೇ ಹೇಳಿ ಸುಮ್ಮನಾಗಲು ನನಗೆ ಆಗುತ್ತಿಲ್ಲ. 1976ರಲ್ಲಿ ಇವರು ಹಾದಿಯನ್ನು ನಾಂಟ್ ಗ್ವೆರ್ನೋಲ್‌ವರೆಗೆ ಬೆಳೆಸಿದರು. ಅದು ಹಿಂದೆ ಸ್ಲೇಟು ಮಾತ್ರ ಸಾಗುತ್ತಿದ್ದ ದಾರಿ, ಪ್ರಯಾಣಿಕರ ಬಂಡಿ ಅಲ್ಲಿಗೆ ಹೋದದ್ದೇ ಇಲ್ಲ. ಇದನ್ನು ಸಂರಕ್ಷಣೆ ಎನ್ನಲಾದೀತೆ? ಟ್ರಾಮು ಉಳಿಸಿದವರ ಕಥೆ ಇನ್ನೂ ಸೋಜಿಗ. 1948ರಲ್ಲಿ ಸೌತಾಂಪ್ಟನ್ನಿನ ಒಂದು ಟ್ರಾಮನ್ನು ಕೆಲವು ಹುಚ್ಚರು ಹತ್ತು ಪೌಂಡಿಗೆ ಕೊಂಡರು, ಆದರೆ ಓಡಿಸಲು ಜಾಗವಿಲ್ಲ. ಮುಂದೆ ಡರ್ಬಿಶೈರಿನ ಕ್ರಿಚ್ ಎಂಬಲ್ಲಿ ಹಳೆಯ ಕಲ್ಲುಗಣಿಯ ಹಳಿಗಳನ್ನು ಟಾಲಿಲಿನ್ ಸಂಘದವರು ತಮ್ಮ ರೈಲಿಗೆಂದು ಕಿತ್ತೊಯ್ಯುತ್ತಿದ್ದಾಗ, ಖಾಲಿಯಾದ ಆ ಜಾಗದ ಸುದ್ದಿ ಟ್ರಾಮಿನವರಿಗೆ ಸಿಕ್ಕಿತು. 1959ರಲ್ಲಿ ಅಲ್ಲಿ ನೆಲೆಯೂರಿದರು. ನಗರದ ಬೀದಿಗಳಲ್ಲಿ ಓಡಿದ ಟ್ರಾಮುಗಳು ಈಗ ಎಂದೂ ಟ್ರಾಮು ಕಾಣದಿದ್ದ ಹಳ್ಳಿಯ ಗುಡ್ಡದ ಮೇಲೆ ಓಡುತ್ತವೆ. ಕಬ್ಬಿಣವೂ ಬದಲಾಯಿತು, ಜಾಗವೂ ಬದಲಾಯಿತು. ಉಳಿದದ್ದು ಕೈಕಸುಬು. ಬಾಯ್ಲರಿನ ನೀರು ಯಾವಾಗ ಏರಿಸಬೇಕು, ಏರಿನ ಮುಂಚೆ ಬೆಂಕಿಯನ್ನು ಹೇಗೆ ಸಿದ್ಧಪಡಿಸಬೇಕು ಎಂಬ ತಿಳಿವು. ಪುಸ್ತಕದಲ್ಲಿ ಬರೆದಿಟ್ಟರೂ ಅದು ಒಂದು ಮೈಯಿಂದ ಇನ್ನೊಂದು ಮೈಗೇ ದಾಟಬೇಕು. ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಸಾಯುತ್ತದೆ.

ಇಷ್ಟಾದರೂ ಅಪ್ಪನ ಮಾತಿಗೆ ಉತ್ತರವಾಗಲಿಲ್ಲ. ನಮ್ಮಲ್ಲಿ ಕಾಯಕ ಎಂಬ ದೊಡ್ಡ ಮಾತಿದೆ. ಅದನ್ನು ಈ ಸ್ವಯಂಸೇವಕರ ಮೇಲೆ ಹೊದಿಸಲು ನನಗೆ ಆಸೆಯಾಗಿತ್ತು, ಕೈತಡೆಯಿತು. ಕಾಯಕದಲ್ಲಿ ಅನ್ನದ ಹಂಗಿದೆ. ಸಾಕಾದಾಗ ಮನೆಗೆ ಹೋಗಬಲ್ಲವನ ದುಡಿಮೆಗೂ, ಹೋಗಲಾರದವನ ದುಡಿಮೆಗೂ ಬೆವರು ಒಂದೇ ಇರಬಹುದು, ತೂಕ ಒಂದೇ ಅಲ್ಲ. ಪ್ರೀತಿಯಿಂದ ಮಾಡುವವರು ಕೆಲಸದ ಚೆಲುವನ್ನು ಉಳಿಸುತ್ತಾರೆ, ಅದರ ಕಷ್ಟವನ್ನು ಉಳಿಸಲು ಅವರಿಂದ ಆಗುವುದಿಲ್ಲ. ಇದು ಅವರ ತಪ್ಪಲ್ಲ. ಆದರೆ ಟಿಕೆಟ್ ಕೊಂಡು ಕಿಟಕಿ ಪಕ್ಕ ಕೂತ ನಾನು, ಆ ಕೆಲಸ ಯಾವಾಗಲೂ ಇಷ್ಟೇ ಚೆಂದವಿತ್ತೆಂದು ನಂಬಿದರೆ ಅದು ತಪ್ಪು. ಅದೂ ಆ ಬೆಂಕಿಯ ಪಗಾರದಲ್ಲಿ ಎಂಟೆಕ್‌ವರೆಗೆ ಓದಿದ ನಾನು.

ಕಳೆದ ವರ್ಷ ಮೊಣಕಾಲಿನ ಆಪರೇಷನ್ನಿಗೆ ಅಪ್ಪ ಪುಣೆಗೆ ಬಂದಿದ್ದ. ಒಂದು ಮಧ್ಯಾಹ್ನ ಆ ವಿಡಿಯೋವನ್ನು ಟಿವಿಯಲ್ಲಿ ಹಚ್ಚಿದೆ. ಕುರ್ಚಿಯಲ್ಲಿ ಮುಂದೆ ಬಾಗಿ ನೋಡಿದ. ಸಣ್ಣ ಸಣ್ಣ ಸಲಿಕೆ, ಒಂದು ಎಡಕ್ಕೆ, ಒಂದು ಬಲಕ್ಕೆ, ತಟ್ಟನೆ ಬಾಗಿಲು ಮುಚ್ಚುವುದು. ಅಪ್ಪನ ಬಲಗೈ ಕುರ್ಚಿಯ ತೋಳಿನ ಮೇಲೆ ಅಲುಗುತ್ತಿತ್ತು.

"ಹೊಗಿ ನೋಡು, ತೆಳ್ಳಗ ಐತಿ. ಕರ್ರಗ ಬಂತಂದ್ರ ಕಲ್ಲಿದ್ದಲಾ ಹಾಳು. ಈ ಬಾಯಿಗೆ ಯಾರೋ ಛಲೋ ಕಲಿಸ್ಯಾರ."

"ಆಟ ಅಂದಿದ್ದಿ ನೀ."

"ಆಟನ ಅದು. ರಾತ್ರಿ ಎರಡಕ್ಕ ಯಾರೂ ಬಂದು ಆಕಿ ಬಾಗಲಾ ಬಡಿಯೂದಿಲ್ಲಲ್ಲ." ಸ್ವಲ್ಪ ಹೊತ್ತು ಬಿಟ್ಟು ರಿಮೋಟಿನತ್ತ ಕೈ ಮಾಡಿದ. "ಇನ್ನೊಮ್ಮೆ ಹಚ್ಚು. ಆ ಏರು ಹತ್ತೂದು ಸರಿಯಾಗಿ ಕಾಣಲಿಲ್ಲ."