ರೇಟು ಹೇಳುವ ನಾಲಿಗೆ

ಕಲೆಗೆ ಬೆಲೆ ಕಟ್ಟಲಾಗದು ಎಂಬ ಮಾತನ್ನು ನಾವು ತುಮಕೂರಿನ ಸಭೆಗಳಲ್ಲಿ ಬೇಕಾದಷ್ಟು ಸಲ ಕೇಳಿದ್ದೇವೆ. ಹೇಳುವವರು ಯಾರೆಂದು ಒಂದು ಸಲ ತಿರುಗಿ ನೋಡಿ. ಒಂದನೇ ತಾರೀಖು ಸಂಬಳ ಬರುವವರು, ತೆಂಗಿನ ತೋಟ ಇರುವವರು, ಏನಿಲ್ಲವೆಂದರೆ ಪಿಂಚಣಿಯಾದರೂ ಇರುವವರು. ಮಾತು ಮುಗಿಸಿ ನಮ್ಮ ತಮಟೆಯವನ ಹೆಗಲಿಗೆ ಶಾಲು, ತಲೆಗೆ ಪೇಟ, ಕೈಗೊಂದು ನೆನಪಿನ ಕಾಣಿಕೆ ಇಟ್ಟು, ಫೋಟೋ ಹೊಡೆಸಿಕೊಂಡು ಕಾರು ಹತ್ತುತ್ತಾರೆ. ಬೆಲೆ ಕಟ್ಟಲಾಗದ್ದರಿಂದ ಬೆಲೆ ಕೊಡುವುದೂ ಇಲ್ಲ. ಕೊನೇ ಬಸ್ಸು ತಪ್ಪಿದ ತಮಟೆಯವನು ಅದೇ ಶಾಲು ಹೊದ್ದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಮಲಗುತ್ತಾನೆ. ಅಷ್ಟರ ಮಟ್ಟಿಗೆ ಸನ್ಮಾನ ಉಪಯೋಗಕ್ಕೆ ಬರುತ್ತೆ ಅನ್ನಿ.

ಈ ಮಾತು ಯಾಕೆ ಎತ್ತಿದೆವು ಅಂದರೆ, ಬ್ರಷ್ಷು, ತಮಟೆ, ಕ್ಯಾಮೆರಾ, ಹಾಡು, ಪದ್ಯ ಇವನ್ನೇ ನಂಬಿ ಬದುಕಲು ಹೊರಟವರು ನಮ್ಮ ಹಟ್ಟಿಗಳಲ್ಲಿ ಈಗ ಇದ್ದಾರೆ. ಫ್ರೀಲ್ಯಾನ್ಸ್ ಅಂತಾರೆ. ಕನ್ನಡದಲ್ಲಿ ಸ್ವತಂತ್ರ ಕಲಾವಿದ. ಕೇಳೋಕೆ ಎಷ್ಟು ಚೆಂದ! ಕುಣಿಗಲ್ ಕಡೆಯ ಗೋಡೆಚಿತ್ರದ ಗೆಳೆಯ ಮಾತ್ರ ಬೇರೆ ಹೇಳ್ತಾನೆ: "ಆನೆ ಬರಿ ಅಂದ್ರೆ ಬರೀತೀನಿ ಕಣಣ್ಣ, ಅಂಬಾರಿ ಸಮೇತ ಬರೀತೀನಿ. ಎಷ್ಟಾಯ್ತು ಅಂತ ಕೇಳಿದ್ರೆ ನಾಲಿಗೆ ಏಳಲ್ಲ. ನೀವೇ ನೋಡಿ ಕೊಡಿ ಅಂದ್ಬಿಡ್ತೀನಿ."

'ನೀವೇ ನೋಡಿ ಕೊಡಿ'. ಈ ಮೂರು ಪದಗಳ ಹಿಂದೆ ಒಂದು ಚರಿತ್ರೆ ಇದೆ. ಊರಿನ ಸಾವಿಗೆ, ಮಾರಿಹಬ್ಬಕ್ಕೆ, ದೇವರ ಉತ್ಸವಕ್ಕೆ ತಮಟೆ ಬಡಿದವರಿಗೆ ಕೂಲಿ ಅನ್ನೋದು ಇರಲಿಲ್ಲ. ಸುಗ್ಗಿಯಲ್ಲಿ ಕಣದ ಹತ್ತಿರ ಹೋಗಿ ನಿಲ್ಲಬೇಕು. ಎಷ್ಟು ಮೊರ ರಾಗಿ ಅನ್ನೋದು ಕೊಡುವವನ ಮನಸ್ಸು. ಇನ್ನೊಂದು ಮೊರ ಕೇಳಿದರೆ ಸೊಕ್ಕು. ದುಡಿಮೆ ನಮ್ಮದು, ಅಳತೆ ಅವರದು. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರಲ್ಲ, ಅಲ್ಲಿ ನಮ್ಮ ಅಜ್ಜಂದಿರು ಎತ್ತಿನ ಹಗ್ಗ ಹಿಡಿದು ಪಕ್ಕದಲ್ಲಿ ನಿಂತವರು. ಟವೆಲ್ ಕೆಳಗೆ ಅವರ ಬೆರಳು ಹೋದದ್ದಿಲ್ಲ. ಬೆಲೆ ಹೇಳುವುದು ಒಂದು ವಿದ್ಯೆ. ಅಕ್ಷರದ ಹಾಗೆ ಅದನ್ನೂ ನಮ್ಮಿಂದ ದೂರ ಇಟ್ಟಿದ್ದರು.

ಕಾಗದದ ಮೇಲೆ ಇದೆಲ್ಲ ಯಾವಾಗಲೋ ಮುಗಿದಿದೆ. ಸಂವಿಧಾನದ 23ನೇ ವಿಧಿ ಬಿಟ್ಟಿ ಬೇಗಾರಿಯನ್ನು ನಿಷೇಧಿಸಿದೆ. ತೋಟಿ, ತಳವಾರಿಕೆಯಂಥ ಗ್ರಾಮಚಾಕರಿಗಳನ್ನು ರದ್ದು ಮಾಡುವ ಕಾಯ್ದೆ ನಮ್ಮ ರಾಜ್ಯದಲ್ಲಿ 1961ರಲ್ಲೇ ಆಯಿತು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸಗಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡರೆ ಅದೂ ಬಲವಂತದ ದುಡಿಮೆಯೇ, ಹಸಿವಿನ ಒತ್ತಾಯವೂ ಒತ್ತಾಯವೇ ಎಂದಿತು. ಹಾಗಾದರೆ "ದುಡ್ಡು ಇಲ್ಲಪ್ಪ, ಆದ್ರೆ ಒಳ್ಳೆ ಪ್ರಚಾರ ಸಿಗ್ತದೆ, ಬರೆದುಕೊಡು" ಅನ್ನುವುದು ಏನು? ಕೋರ್ಟು ಇದಕ್ಕೇನು ಹೇಳುತ್ತೋ ವಕೀಲರು ನೋಡಿಕೊಳ್ಳಲಿ. ನಮ್ಮ ಅಜ್ಜಿಯರನ್ನು ಕೇಳಿದರೆ ಒಂದೇ ಪದದಲ್ಲಿ ಹೇಳ್ತಾರೆ: ಬಿಟ್ಟಿ.

ಇಲ್ಲಿ ನಮ್ಮ ಬಂಡಾಯದ ಗೆಳೆಯರೇ ಅಡ್ಡ ಬರುತ್ತಾರೆ. ಲಾಭ, ವ್ಯಾಪಾರ, ಮಾರುಕಟ್ಟೆ ಇವೆಲ್ಲ ಬಂಡವಾಳಶಾಹಿಯ ಮಾತು, ಕವಿಯಾದವನು ಬಿಲ್ ಪುಸ್ತಕ ಹಿಡಿಯಬಹುದೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಹಗುರವಾದದ್ದಲ್ಲ. ಉತ್ತರಕ್ಕೆ ದೂರ ಹೋಗಬೇಕಿಲ್ಲ, ಗುಬ್ಬಿಗೆ ಹೋದರೆ ಸಾಕು. ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಬಯಲಾಟ ಆಡಿದವರು ಊರ ದೊಡ್ಡವರ ದಾನಕ್ಕೆ ಕಾಯಬೇಕಾಗಿತ್ತು. ಕಂಪನಿ ನಾಟಕ ಬಾಗಿಲಲ್ಲಿ ಟಿಕೆಟ್ ಇಟ್ಟಿತು. ಕಾಸು ಕೊಟ್ಟವನು ನೋಡುತ್ತಾನೆ, ಮೆಚ್ಚದಿದ್ದರೆ ನಾಳೆ ಬರುವುದಿಲ್ಲ. ಹುಡುಗನಾಗಿ ಸೇರಿ ಮುಂದೆ ಒಡೆಯನಾದ ವೀರಣ್ಣನವರು ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆ ತಂದದ್ದು ಯಾವ ಅರಮನೆಯ ಖಜಾನೆಯಿಂದಲೂ ಅಲ್ಲ, ಆ ಟಿಕೆಟ್ಟಿನ ನಂಬಿಕೆಯಿಂದ. ರಾಜ್‌ಕುಮಾರ್ ಬಣ್ಣ ಹಚ್ಚಿದ್ದೂ ಈ ಕಂಪನಿಯಲ್ಲೇ. ಟಿಕೆಟ್ ಬಂದ ಮಾತ್ರಕ್ಕೆ ಸಮಾನತೆ ಬಂತು ಅಂತ ನಾವು ಹೇಳುತ್ತಿಲ್ಲ. ಕುರ್ಚಿ, ಬೆಂಚು, ನೆಲ ಎಂಬ ಜಾತಿಗಳು ಟೆಂಟಿನೊಳಗೂ ಇದ್ದವು. ಕಂಪನಿಯೊಳಗೆ ಯಜಮಾನನೂ ಇದ್ದ, ಸಂಬಳದವನೂ ಇದ್ದ. ಆದರೂ ಒಂದು ಬದಲಾವಣೆ ಆಯಿತು. ಆಟದ ಬೆಲೆ ಆಟಕ್ಕೆ ಮುಂಚೆ, ಎಲ್ಲರ ಕಣ್ಣಿಗೆ ಕಾಣುವ ಹಾಗೆ ಬೋರ್ಡಿನ ಮೇಲೆ ಬಂತು. ವೀರಣ್ಣನವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು 'ಕಲೆಯೇ ಕಾಯಕ'.

ಕಾಯಕ ಅಂದಮೇಲೆ ಆಯ್ದಕ್ಕಿ ಲಕ್ಕಮ್ಮ ನೆನಪಾಗಲೇಬೇಕು. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ವಾಪಸ್ ಸುರಿದು ಬಾ ಎಂದ ಹೆಣ್ಣುಮಗಳು. ವ್ಯಾಪಾರ ಬೇಡ ಎನ್ನುವವರು ಈ ಕಥೆಯನ್ನು ನಮಗೆ ಹೇಳುತ್ತಾರೆ. ಅವರು ಮರೆಯುವುದು ಒಂದಿದೆ: ಎಷ್ಟು ಬೇಕು, ಎಷ್ಟು ಹೆಚ್ಚು ಅಂತ ಲೆಕ್ಕ ಹಾಕಿದವಳು ಲಕ್ಕಮ್ಮನೇ. ಬಸವಣ್ಣನ ಮಹಾಮನೆಯಲ್ಲ. ಅಳತೆ ದುಡಿದವಳ ಕೈಯಲ್ಲಿತ್ತು.

ಆ ಅಳತೆಯನ್ನೇ ನಾವು ಕಲಿಯಬೇಕಾಗಿರುವುದು. ನಮ್ಮ ಮನೆಗಳಲ್ಲಿ ಕೇಳಿ ಬೆಳೆದದ್ದು ದಿನಗೂಲಿಯ ಲೆಕ್ಕ. ಹೋದ ದಿನಕ್ಕೆ ದುಡ್ಡು, ಹೋಗದ ದಿನಕ್ಕೆ ಗಂಜಿ. ಗೋಡೆ ಬರೆಯುವವನೂ ಅದನ್ನೇ ಹಾಕುತ್ತಾನೆ: ಗಾರೆ ಕೆಲಸದವನಿಗೆ ಇಷ್ಟು, ನನಗೂ ಇಷ್ಟು. ಇದು ಸಾಲದು. ಅವನ ಮನೆ ನಡೆಯಲು ತಿಂಗಳಿಗೆ 15,000 ರೂಪಾಯಿ ಬೇಕು ಅಂದುಕೊಳ್ಳಿ. ಮೂವತ್ತರಿಂದ ಭಾಗಿಸಿದರೆ ದಿನಕ್ಕೆ 500 ಸಾಕು ಅನ್ನಿಸುತ್ತೆ. ಆದರೆ ಬ್ರಷ್ ಹಿಡಿಯುವ ದಿನ ತಿಂಗಳಿಗೆ 12 ಸಿಕ್ಕರೆ ಹೆಚ್ಚು. ಮಿಕ್ಕ ದಿನ ಕೆಲಸ ಹುಡುಕಬೇಕು, ನಕ್ಷೆ ತೋರಿಸಬೇಕು, ಮಳೆ ನಿಲ್ಲಲಿ ಅಂತ ಕಾಯಬೇಕು, ಬರಬೇಕಾದ ದುಡ್ಡಿಗೆ ಅಲೆಯಬೇಕು. ಆ ದಿನಗಳೂ ಹೊಟ್ಟೆ ಕೇಳುತ್ತವೆ. ಬ್ರಷ್ಷು, ಫೋನು, ಕಾಯಿಲೆಗೆ ಅಂತ 3,000 ಸೇರಿಸಿ. 18,000ವನ್ನು 12ರಿಂದ ಭಾಗಿಸಿದರೆ ದಿನಕ್ಕೆ 1,500. ಬಣ್ಣ, ಅಟ್ಟಣಿಗೆ, ಬಸ್ ಚಾರ್ಜು ಬೇರೆ. ಈ 1,500 ದುರಾಸೆಯಲ್ಲ, ಲಕ್ಕಮ್ಮನ ಅಕ್ಕಿ. ಇದಕ್ಕಿಂತ ಇಳಿದರೆ ಕೊರತೆ ತುಂಬುವವಳು ಕೂಲಿಗೆ ಹೋಗುವ ಅವನ ತಾಯಿ. ಅಂದರೆ ಅವನಿಂದ ಕಡಿಮೆಗೆ ಬರೆಸಿಕೊಂಡವನು ಆ ಹೆಂಗಸಿನ ಕೂಲಿಯಲ್ಲೂ ಪಾಲು ತಿಂದ ಹಾಗಾಯಿತು.

ಫ್ಲೆಕ್ಸ್ ಬಂದಾಗ ಬೋರ್ಡು ಬರೆಯುವವರ ಬದುಕು ಮುರಿಯಿತು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಜೊತೆ ಫ್ಲೆಕ್ಸನ್ನೂ ನಿಷೇಧಿಸಿದರೂ ಚದರಡಿಗೆ ಇಷ್ಟು ಎಂಬ ಯಂತ್ರದ ಲೆಕ್ಕ ಗಿರಾಕಿಯ ತಲೆಯಲ್ಲಿ ಉಳಿದುಬಿಟ್ಟಿದೆ. ಗೋಡೆಯ ಅಗಲ ಅಳೆಯುತ್ತಾರೆ, ಮುಖದಲ್ಲಿ ಜೀವ ತರಲು ಹಿಡಿದ ಹೊತ್ತನ್ನು ಅಳೆಯುವುದಿಲ್ಲ.

ಇನ್ನು ಕಾಗದ. ನಮ್ಮ ಅಪ್ಪಂದಿರು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಕಳೆದುಕೊಂಡವರು. ಹಾಗಾಗಿ ಕಾಗದ ಕಂಡರೆ ನಮಗೆ ಭಯ, ಬಾಯಿಮಾತೇ ಪ್ರಾಮಾಣಿಕ ಅನ್ನೋ ನಂಬಿಕೆ. ಇದನ್ನು ಬಿಡಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ದುಡ್ಡು ಕೊಟ್ಟು ಬರೆಸಿದ ವರ್ಣಚಿತ್ರಕ್ಕೆ, ತೆಗೆಸಿದ ಫೋಟೋಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವನೇ ಮೊದಲ ಹಕ್ಕುದಾರ. ನೀವು ಬರೆದ ಚಿತ್ರವನ್ನು ಅವನು ಕ್ಯಾಲೆಂಡರಿಗೆ ಹಾಕಿಕೊಂಡರೆ ಕೇಳುವಂತಿಲ್ಲ. 'ಹಕ್ಕು ಕಲಾವಿದನದು' ಎಂಬ ಒಂದು ಸಾಲು ಮೊದಲೇ ಬರೆಸಿಕೊಂಡಿದ್ದರೆ ಕಥೆಯೇ ಬೇರೆ. ಯಾರ ನೌಕರಿಯಲ್ಲೂ ಇಲ್ಲದ ಕವಿಯ ಪದ್ಯ ಕವಿಯದೇ. ಅದರ ಹಕ್ಕನ್ನು ಕೊಡಬೇಕಾದರೆ ಬರಹದಲ್ಲಿ, ಸಹಿ ಹಾಕಿಯೇ ಕೊಡಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ 5 ವರ್ಷಕ್ಕೆ ಮುಗಿಯುತ್ತೆ. ಕುಣಿಗಲ್ ಕೆರೆಯ ಹಾಡನ್ನು ನಾಡೆಲ್ಲ ಹಾಡುತ್ತೆ. ಕಟ್ಟಿದವರ ಹೆಸರು ಯಾವ ಕಾಗದದಲ್ಲೂ ಇಲ್ಲ. ಹಾಡು ಎಲ್ಲರದಾದದ್ದು ಸಂತೋಷವೇ. ಆದರೆ ಹಾಡಿದವರಿಗೆ ಸಂಭಾವನೆ, ಕಟ್ಟಿದವರಿಗೆ ಬರೀ 'ಜನಪದ' ಅನ್ನೋ ಬಿರುದು.

ದುಡ್ಡು ತಡವಾದರೆ? ಸಣ್ಣ ಉದ್ಯಮಗಳ 2006ರ ಕಾಯ್ದೆ ಇದೆ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ನೋಂದಾಯಿಸಿದವರಿಂದ ಸರಕು, ಸೇವೆ ಪಡೆದವರು ಒಪ್ಪಂದ ಏನೇ ಇದ್ದರೂ 45 ದಿನ ಮೀರಿಸುವಂತಿಲ್ಲ. ಮೀರಿಸಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ತಲೆಮಾರುಗಳಿಂದ ಚಕ್ರಬಡ್ಡಿ ಕಟ್ಟಿಯೇ ಗೊತ್ತಿದ್ದ ನಮಗೆ, ಅದು ಬರುವುದೂ ಉಂಟು ಎಂಬುದು ತಮಾಷೆಯಾಗಿ ಕಾಣುತ್ತೆ. ಆದರೂ ಅರ್ಧ ದುಡ್ಡು ಮುಂಗಡ ಇಸಕೊಳ್ಳುವುದೇ ಮೇಲು. ಕಾನೂನು ಹಿಡಿದು ಅಲೆಯಲು ಕೂಡ ಬಸ್ ಚಾರ್ಜು ಬೇಕಲ್ಲ.

ಇಷ್ಟೆಲ್ಲ ಯಾಕೆ ಬೇಕು ಅಂದರೆ, ಒಲ್ಲೆ ಅನ್ನುವುದಕ್ಕೂ ಗಂಟು ಬೇಕು. ನಮ್ಮವರ ಮೇಲೆ ಕೈ ಮಾಡಿದವನೇ ಬಂದು ತನ್ನ ಮುಖ ಗೋಡೆ ಮೇಲೆ ಬರಿ ಅಂದಾಗ ಆಗಲ್ಲ ಹೋಗಯ್ಯ ಅನ್ನಬೇಕಾದರೆ ಮನೆಯಲ್ಲಿ ಎರಡು ತಿಂಗಳ ರಾಗಿ ಇರಬೇಕು. ಬರೀ ಸಿದ್ಧಾಂತ ಇದ್ದರೆ ಮೊದಲನೇ ವಾರವಷ್ಟೇ ತಡೆಯುತ್ತೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ನಮಗೂ ಹೆಮ್ಮೆ. ಅದೇ ತಮಟೆಯನ್ನು ಮದುವೆ ಮೆರವಣಿಗೆಗೆ ಹಿಡಿದು ಹೊರಟ ತುಮಕೂರಿನ ಹುಡುಗನಿಗೆ ಮಾತ್ರ, ಇವೆಂಟಿನವನು ಒಟ್ಟು ಎಷ್ಟು ಇಸಕೊಂಡ ಅನ್ನೋದೇ ಗೊತ್ತಿರಲ್ಲ.

ಉಳಿದದ್ದು ನಮ್ಮೊಳಗಿನ ಜಗಳ. ಏಪ್ರಿಲ್ 14ಕ್ಕೆ ಹಟ್ಟಿಯ ಗೋಡೆ ಮೇಲೆ ಬಾಬಾಸಾಹೇಬರನ್ನು ಬರೆದರೆ ದುಡ್ಡು ತಗೋಬೇಕೋ ಬೇಡವೋ? ಬೇಡ ಎಂದು ಎಲ್ಲರಿಗೂ ಗೊತ್ತು. ಆದರೆ ನಾವು ಕೆಲವರು ಬಿಲ್ಲು ಮಾತ್ರ ಬರೆಯಲೇಬೇಕು ಅನ್ನುತ್ತೇವೆ. ಬಣ್ಣಕ್ಕೆ ಇಷ್ಟು, ಮೂರು ದಿನದ ದುಡಿಮೆ 4,500, ಇದು ಹಟ್ಟಿಗೆ ನಮ್ಮ ಕೊಡುಗೆ ಅಂತ ಬರೆದು ಸಹಿ ಹಾಕುವುದು. ಬೆಲೆ ಇದ್ದವನು ಕೊಟ್ಟರೆ ಕೊಡುಗೆ, ಬೆಲೆಯೇ ಇಲ್ಲದವನಿಂದ ಇಸಕೊಂಡರೆ ಬಿಟ್ಟಿ. ನಮ್ಮವರೂ ನಮ್ಮವರಿಂದ ಬಿಟ್ಟಿ ಮಾಡಿಸಬಾರದು. ಇದಕ್ಕೆ ಹಿರಿಯರು ಸಿಟ್ಟಾಗುತ್ತಾರೆ. "ಏನ್ರೋ, ಬಾಬಾಸಾಹೇಬರ ಪಟಕ್ಕೂ ಬಿಲ್ಲೇನ್ರೋ? ಓದಿಸಿದ್ದು ಇದಕ್ಕಾ?" ಅಂತ ಕೇಳುತ್ತಾರೆ. ಕೇಳಿದವರು ತಾವೇ ಹತ್ತು ಹತ್ತು ರೂಪಾಯಿ ಎತ್ತಿ ಬಣ್ಣದ ದುಡ್ಡು ಹೊಂದಿಸಿದವರು. ಅವರಿಗೆ ಏನು ಹೇಳಬೇಕು ಅನ್ನೋದರ ಬಗ್ಗೆ ನಮ್ಮಲ್ಲೇ ಎರಡು ಗುಂಪಾಗಿದೆ. ಕುಣಿಗಲ್‌ನ ಗೆಳೆಯ ಹಿರಿಯರ ಕಡೆ.