ಪಾದದ ನಾಡಿಯನ್ನೂ ಮುಟ್ಟಿ ನೋಡಲಿ

ಸಂತೆಗೆ ಹೊರಟ ಹಿರಿಯರು ನಾಲ್ಕು ಅಂಗಡಿ ದಾಟುವಷ್ಟರಲ್ಲಿ ನಿಂತುಬಿಡುತ್ತಾರೆ. ಮೀನಖಂಡವನ್ನು ಯಾರೋ ಹಿಂಡಿದಂಥ ನೋವು. ಕೆಲವು ನಿಮಿಷ ಸುಮ್ಮನೆ ನಿಂತರೆ ಮಾಯ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಾಜರು. ‘ವಯಸ್ಸಾಯ್ತಲ್ಲ, ವಾಯು ಇರಬೇಕು’ ಎಂದು ಮನೆಯವರು ಎಣ್ಣೆ ತಿಕ್ಕಿ ಕೂರಿಸುತ್ತಾರೆ. ಆದರೆ ನೋವು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಕಿವಿಗೊಟ್ಟು ಕೇಳಿದರೆ ರೋಗದ ಜಾಡು ಅಲ್ಲೇ ಸಿಗುತ್ತದೆ. ಬೆನ್ನಿನಲ್ಲಿ ನರ ಒತ್ತಿಕೊಂಡವರಿಗೆ ನಿಂತರೆ ಸಾಲದು, ಕೂರಬೇಕು ಇಲ್ಲವೇ ಮುಂದಕ್ಕೆ ಬಾಗಬೇಕು. ನಡೆದಾಗ ಬಂದು, ನಿಂತರೇ ಹೋಗುವ ನೋವಾದರೆ ಕಾಲಿನ ಅಪಧಮನಿಯಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗಿರುವ ಸಂಶಯ ಬಲವಾಗಬೇಕು.

ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಡ. ಮೊದಲು ಪಾದದ ಮೇಲಿನ ನಾಡಿಯನ್ನು ಬೆರಳಿಟ್ಟು ನೋಡುತ್ತಾರೆ. ಬಳಿಕ ತೋಳಿಗೆ ಸುತ್ತುವಂತೆ ಕಣಕಾಲಿಗೂ ಬಿ.ಪಿ. ಪಟ್ಟಿ ಸುತ್ತಿ, ಪುಟ್ಟ ಡಾಪ್ಲರ್ ಸಾಧನದಿಂದ ಅಳೆಯುತ್ತಾರೆ. ಕಣಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ 1ರಿಂದ 1.4ರೊಳಗೆ ಬಂದರೆ ಸರಿ, 0.9 ಅಥವಾ ಅದಕ್ಕೂ ಕಡಿಮೆ ಬಂದರೆ ರೋಗವಿದೆ ಎಂದೇ ತಿಳಿಯುತ್ತಾರೆ. ಸಕ್ಕರೆ ಕಾಯಿಲೆಯವರಲ್ಲಿ ಮಾತ್ರ ಈ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ಸುಣ್ಣ ಕಟ್ಟಿದ ನಾಳ ಒತ್ತಿದರೂ ಬಗ್ಗದೆ ಅಂಕಿ ಏರಿಬಿಡುತ್ತದೆ. ಆಗ ಹೆಬ್ಬೆರಳಿನ ಒತ್ತಡ ಅಳೆಯಬೇಕು. ನರಗಳೂ ಮಂದವಾಗಿದ್ದರೆ ನೋವೇ ಗೊತ್ತಾಗದು, ಮಾಯದ ಗಾಯವೇ ಮೊದಲ ಸುಳಿವಾದೀತು. ಹೀಗಿರುವಾಗ ಕಾಲುಚೀಲವನ್ನೂ ಬಿಚ್ಚಿಸದೆ ಸಕ್ಕರೆ ಕಾಯಿಲೆಯವರ ತಪಾಸಣೆ ಮುಗಿಸುವುದನ್ನು ನಾನು ಒಪ್ಪಲಾರೆ. ‘ಡಾಕ್ಟ್ರೇ, ಪಾದಾನೂ ಒಮ್ಮೆ ನೋಡಿ’ ಎಂದು ನಾವೇ ಬಾಯಿಬಿಟ್ಟು ಕೇಳೋಣ.

ಕಾಲಿನಲ್ಲಿ ಕಟ್ಟಿದ ಕೊಬ್ಬು ಹೃದಯದ, ಮಿದುಳಿನ ನಾಳಗಳನ್ನೂ ಬಿಟ್ಟಿರುವುದು ಅಪರೂಪ. ಅದಕ್ಕೇ ಸ್ಟಾಟಿನ್, ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್, ಜೊತೆಗೆ ಬಿ.ಪಿ., ಸಕ್ಕರೆಯ ಹಿಡಿತ. ಬೀಡಿ, ಸಿಗರೇಟು ಸೇದುತ್ತಲೇ ಇದ್ದರೆ ಇವೆಲ್ಲ ಅರೆಬರೆಯಾಗುತ್ತವೆ. ಇನ್ನೊಂದು ದೊಡ್ಡ ಮದ್ದು, ಅಚ್ಚರಿಯೆನಿಸಿದರೂ, ಆ ನೋವು ತರುವ ನಡಿಗೆಯೇ. ನೋವು ಸಾಕಷ್ಟು ಏರುವವರೆಗೆ ನಡೆದು, ನಿಂತು, ಇಳಿದ ಮೇಲೆ ಮತ್ತೆ ನಡೆಯಬೇಕು. ಹೀಗೆ 30ರಿಂದ 45 ನಿಮಿಷ, ವಾರಕ್ಕೆ 3 ದಿನವಾದರೂ, ಕನಿಷ್ಠ 12 ವಾರ, ವೈದ್ಯರ ಮೇಲ್ವಿಚಾರಣೆಯಲ್ಲಿ. ಕಟ್ಟಿದ ನಾಳ ತೆರೆಯದಿದ್ದರೂ, ಬರುವಷ್ಟು ರಕ್ತದಲ್ಲೇ ಹೆಚ್ಚು ದುಡಿಯಲು ಸ್ನಾಯು ಕಲಿಯುತ್ತದೆ. ನಡೆಯಬಲ್ಲ ದೂರ ಬೆಳೆಯುತ್ತದೆ. ಎಣ್ಣೆ ತಿಕ್ಕುವ ಕೈಗಳು ಜೊತೆಗೆ ನಾಲ್ಕು ಹೆಜ್ಜೆ ಹಾಕಿದರೆ ಹಿರಿಯರಿಗೆ ಅಂಜಿಕೆಯೂ ಕಡಿಮೆ.

ಮಲಗಿದಾಗ ಪಾದ ಉರಿದು, ಮಂಚದಿಂದ ಕಾಲು ಇಳಿಬಿಟ್ಟಾಗ ಹಾಯೆನಿಸಿದರೆ, ಬೆರಳ ತುದಿ ಕಪ್ಪಾದರೆ, ನಡಿಗೆಯನ್ನು ನೆಚ್ಚಿ ಕೂರುವ ಹಂತ ದಾಟಿತೆಂದೇ ಅರ್ಥ. ಸ್ಟೆಂಟ್ ಅಥವಾ ಬೈಪಾಸ್ ಬೇಕಾಗಬಹುದು. ಕಾಲು ಥಟ್ಟನೆ ತಣ್ಣಗಾಗಿ, ಬಿಳಿಚಿ, ಮರಗಟ್ಟಿದರಂತೂ ಕೆಲವೇ ಗಂಟೆಗಳ ಅವಕಾಶ. ಬಿಸಿನೀರಿನ ಶಾಖ ಕೊಡುತ್ತಾ ಬೆಳಗಿಗಾಗಿ ಕಾಯದೆ, ಆ ರಾತ್ರಿಯೇ ರಕ್ತನಾಳ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಹೊರಡಬೇಕು.