ಬೋಳುಗುಡ್ಡದ ಪರವಾಗಿ ಒಂದು ಬಿನ್ನಹ

ಗವಿಸಿದ್ಧಪ್ಪಾ, ನಿನ್ನ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಮಳೆ ಬೇಡುವವರು, ಮಗು ಬೇಡುವವರು, ನೌಕರಿ ಬೇಡುವವರು, ಮನೆಯವರ ಜಡ್ಡು ವಾಸಿಯಾಗಲಿ ಅನ್ನುವವರು. ಅವರ ಮಾತೆಲ್ಲ ನಿನಗೆ ಮುಟ್ಟಲಿ. ನಾನು ಬೇಡಲು ಬಂದದ್ದು ನಮ್ಮ ಊರುಗಳ ಸುತ್ತಲಿನ ಗುಡ್ಡ, ಹಳ್ಳ, ಕೆರೆ, ಕುರುಚಲು ಅಡವಿಗಳಿಗಾಗಿ. ಹರಕೆ ಹೊರಲು ಅವಕ್ಕೆ ಬಾಯಿಲ್ಲ.

ನಿನ್ನ ಮಠ ನಿಂತಿರುವ ಗುಡ್ಡಕ್ಕೆ ಮೊದಲ ಶರಣು. ಕೊಪ್ಪಳದವರಿಗೆ ದೊಡ್ಡ ಉದ್ಯಾನ ಅಂದರೆ ಇದೇ. ಕೆಳಗೆ ಕೆರೆ, ಮೇಲೆ ಗಾಳಿ, ಸುತ್ತ ಬಂಡೆ. ಬಂಡೆಯ ಮೇಲೆ ಅಶೋಕನ ಶಾಸನ. ಅಲ್ಲೇ ಪಶ್ಚಿಮದ ಪಾಲ್ಕಿಗುಂಡಿನಲ್ಲಿ ಇನ್ನೊಂದು. ದಾರಿಯುದ್ದಕ್ಕೂ ಆಲದ ಮರ ನೆಡಿಸಿದೆ, ಬಾವಿ ತೋಡಿಸಿದೆ ಎಂದು ಬೇರೆ ಕಡೆಯ ಶಾಸನದಲ್ಲಿ ಹೇಳಿಕೊಂಡ ಅರಸ ಅವನು. ಅವನ ನಂತರ ಜೈನ ಯತಿಗಳು ಬಂದರು, ಕಡೆಯ ವ್ರತ ಹಿಡಿಯಲು ಈ ಗುಡ್ಡಗಳನ್ನೇ ಆರಿಸಿಕೊಂಡರು. ‘ವರಾಂಗಚರಿತ’ ಬರೆದ ಜಟಾಸಿಂಹನಂದಿಯ ಪಾದಗಳನ್ನು ಚಾವಯ್ಯ ಎಂಬಾತ ಅದೇ ಪಾಲ್ಕಿಗುಂಡಿನಲ್ಲಿ ಕಡೆಯಿಸಿದ. ಇಷ್ಟು ಜನಕ್ಕೆ ಬೋಳಾಗಿ ಕಾಣದ ಗುಡ್ಡ ನಮಗೆ ಮಾತ್ರ ಯಾಕೆ ಬೋಳಾಗಿ ಕಾಣುತ್ತದೆ ತಂದೆ?

ಹಸಿರು ಅಂದರೆ ಮಲೆನಾಡು ಎಂಬ ರೂಢಿ ನಮ್ಮಲ್ಲಿ ಬೇರುಬಿಟ್ಟಿದೆ. ಎರಡು ದಿನ ರಜೆ ಸಿಕ್ಕರೆ ದಾಂಡೇಲಿ, ಜೋಗ ಎಂದು ಗಾಡಿ ಹತ್ತುತ್ತೇವೆ. ಹೋಗಲಿ, ಅದೂ ನಿನ್ನದೇ. ಆದರೆ ವರ್ಷಕ್ಕೆ 600 ಮಿಲಿಮೀಟರ್ ಮಳೆಯೂ ಬೀಳದ ನೆಲ ತನ್ನ ಅಳತೆಗೆ ತಕ್ಕ ಹಸಿರು ತೊಡುತ್ತದೆ. ಜಾಲಿ, ಬಾರಿ, ಕಾರಿ, ಕವಳಿ, ತಂಗಟಿ, ಮೊದಲ ಮಳೆಗೆ ಮೂರೇ ದಿನದಲ್ಲಿ ಚಿಗುರುವ ಗರಿಕೆ. ಅದನ್ನು ಕಾಣುವ ಕಣ್ಣು ಕೊಡು.

ಆ ಕಣ್ಣು ನಮ್ಮ ಹಿರಿಯರಿಗಿತ್ತು. ಎಳ್ಳ ಅಮವಾಸ್ಯೆಗೆ ಯಲಬುರ್ಗಾ, ಕುಷ್ಟಗಿಯ ಎರಿ ಹೊಲಗಳನ್ನು ನೋಡಬೇಕು. ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ, ಕಡಲೆ ಹುಳಿ ಹಿಡಿದಿರುತ್ತದೆ, ಕುಸುಬೆ ಮುಳ್ಳು ಮೂಡಿಸಿರುತ್ತದೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಲೆ, ಶೇಂಗಾ ಹೋಳಿಗೆ ಬುಟ್ಟಿಯಲ್ಲಿ ಹೊತ್ತು ಇಡೀ ಊರೇ ಹೊಲಕ್ಕೆ ಹೋಗುತ್ತದೆ. ಬನ್ನಿ ಮರದ ಬುಡದಲ್ಲಿ ಐದು ಕಲ್ಲು ಪೂಜಿಸಿ, ಬೆಳೆಯ ನಾಲ್ಕೂ ಮೂಲೆಗೆ ಚರಗ ಚೆಲ್ಲಿ, ನೆಲಕ್ಕೆ ಉಣ್ಣಿಸಿದ ಮೇಲೇ ತಾವು ಉಣ್ಣುತ್ತಾರೆ. ಹೊಲವಿಲ್ಲದವರು ಹೊಲವಿದ್ದವರ ಪಂಕ್ತಿಯಲ್ಲಿ ಕೂರುತ್ತಾರೆ; ಪ್ಯಾಟಿಗೆ ಹೋದ ಮಗ ಅವತ್ತು ತಪ್ಪದೆ ಬರುತ್ತಾನೆ. ಹೊರಗೆ ಹೋಗಿ ಹಸಿರು ನೋಡುವುದಕ್ಕೆ ಇದಕ್ಕಿಂತ ಮರ್ಯಾದೆಯ ರೀತಿ ನನಗೆ ತಿಳಿಯದು. ಈ ಹಬ್ಬ ನಮ್ಮ ಬಡಾವಣೆಯ ಮಕ್ಕಳಿಗೂ ದಕ್ಕಲಿ. ಅವರಿಗೆ ಹೊಲವಿಲ್ಲ, ಕರೆಯುವ ನೆಂಟರೂ ಕಡಿಮೆಯಾಗುತ್ತಿದ್ದಾರೆ.

ನೀರಿನ ಮಾತಿಗೆ ಬರುತ್ತೇನೆ. 2017ರಲ್ಲಿ ನಟ ಯಶ್ ಅವರ ಯಶೋಮಾರ್ಗ ಸಂಸ್ಥೆ ಯಲಬುರ್ಗಾ ತಾಲೂಕಿನ ತಲ್ಲೂರು ಕೆರೆಯ ಹೂಳು ತೆಗೆಸಿತು. ಆಮೇಲೆ ಕುಷ್ಟಗಿಯ ಜನ ತಾವೇ ಮುಂದಾಗಿ ನಿಡಶೇಸಿ ಕೆರೆಗೆ ಇಳಿದರು. 2019ರಲ್ಲಿ ನಿನ್ನ ಮಠದ ಸ್ವಾಮಿಗಳು ಹಿರೇಹಳ್ಳಕ್ಕೆ ಇಳಿದಾಗ ಜಿಲ್ಲೆಯೇ ಹಿಂದೆ ಇಳಿಯಿತು. ಜಾಲಿಕಂಟಿ, ಆಪು, ಕಸ ತುಂಬಿ ಹಳ್ಳವೆಂದು ಗುರುತೇ ಸಿಗದಂತಾಗಿದ್ದ 20 ಕಿಲೋಮೀಟರಿಗೂ ಉದ್ದದ ಪಾತ್ರ ತೆರೆದುಕೊಂಡಿತು. ತಂದೆ, ಅಂದಿನ ಆ ಕೈಗಳ ಬಲ ಇಂದಿಗೂ ಬೇಕು. ಕಂಟಿ ಮತ್ತೆ ಬೆಳೆಯುತ್ತದೆ, ಚರಂಡಿ ಮತ್ತೆ ಹಳ್ಳಕ್ಕೆ ಬಾಯಿ ತೆರೆಯುತ್ತದೆ. ಒಮ್ಮೆ ಮಾಡಿದ ಪುಣ್ಯವನ್ನು ಪ್ರತಿವರ್ಷದ ಕೆಲಸವಾಗಿ ಹಿಡಿಯುವ ಬುದ್ಧಿಯನ್ನು ನಮಗೂ ನಮ್ಮ ಪಂಚಾಯಿತಿಗಳಿಗೂ ಕೊಡು.

ಗಂಗಾವತಿಗೆ ಹಸಿರು ಕೇಳುವ ಅಗತ್ಯವಿಲ್ಲ ಅನ್ನುವವರುಂಟು. ಭತ್ತದ ಕಣಜ ಅದು. ಆನೆಗೊಂದಿಯ ಸುತ್ತ ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ಗದ್ದೆಗೆ ನೀರುಣಿಸುತ್ತವೆ, ಉಳಿದದ್ದಕ್ಕೆ ಮುನಿರಾಬಾದಿನ ಅಣೆಕಟ್ಟು. 2024ರ ಆಗಸ್ಟ್ 10ರ ರಾತ್ರಿ ಆ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಅಷ್ಟು ದೊಡ್ಡ ಹಸಿರು ಎಷ್ಟು ಸಣ್ಣ ಕೊಂಡಿಗೆ ನೇತುಬಿದ್ದಿದೆ ಎಂಬುದು ನಮಗೆಲ್ಲ ಕಂಡಿತು. ಆ ಗದ್ದೆಗಳನ್ನು ಕಾಯಿ. ಜೊತೆಗೆ ಗದ್ದೆಯಾಚೆಯ ಬಂಡೆಗುಡ್ಡಗಳನ್ನೂ ಕಾಯಿ. ನನ್ನ ಬಿನ್ನಹ ಹೆಚ್ಚಾಗಿ ಅವಕ್ಕಾಗಿಯೇ.

ಹಿರೇಬೆಣಕಲ್ಲಿನ ಮೊರ್ಯರ ಗುಡ್ಡ ಹತ್ತಿದರೆ ಎರಡು ಸಾವಿರ ವರ್ಷಕ್ಕೂ ಹಿಂದಿನ ನೂರಾರು ಕಲ್ಮನೆಗಳು, ಬಡಿದರೆ ದೂರಕ್ಕೆ ಕೇಳುವ ನಗಾರಿ ಕಲ್ಲು, ಆ ಜನ ಚಪ್ಪಡಿ ಎಬ್ಬಿಸಿದ ಕುಳಿಯಲ್ಲೇ ನಿಂತ ಕೊಳ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಇದರ ಹೆಸರು ಸೇರಿದೆ. ಇಂಥ ಒಣ ಬಂಡೆಗುಡ್ಡಗಳೇ ಹಳದಿ ಕೊರಳಿನ ಪಿಕಳಾರಕ್ಕೆ ಮನೆ. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದು ಬಾಳುವುದಿಲ್ಲ. ಕೆಳಗೆ ತುಂಗಭದ್ರೆಯಲ್ಲಿ ನೀರುನಾಯಿಗಳಿವೆ. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಅವುಗಳ ಸಂರಕ್ಷಣಾ ಮೀಸಲು ಎಂದು ಸಾರಿದರು. ಆ ನೀರಿನಲ್ಲಿ ಮೀನಿಗೆ ಸಿಡಿಮದ್ದು ಎಸೆಯುವ ಕೈಯನ್ನು ತಡೆ.

ಬಂಕಾಪುರದ ತೋಳಗಳನ್ನೂ ನಿನ್ನ ಮಡಿಲಿಗೆ ಹಾಕುತ್ತೇನೆ. ಸುಮಾರು 332 ಹೆಕ್ಟೇರ್ ಕುರುಚಲಿನಲ್ಲಿ ಅವುಗಳ ಧಾಮವಿದೆ. 2025ರಲ್ಲಿ ಒಂದು ತಾಯಿ 8 ಮರಿ ಹಾಕಿತು ಎಂಬ ಸುದ್ದಿ ಓದಿ ಹಿಗ್ಗಿದೆ. ಆ ಮರಿಗಳು ಬದುಕಲಿ. ತೋಳ ಹೊತ್ತೊಯ್ದ ಕುರಿಮರಿಗೆ ಕುರಿಗಾಹಿಯ ಕೈಗೆ ಪರಿಹಾರ ತಡವಿಲ್ಲದೆ ಬರಲಿ. ಯಲಬುರ್ಗಾ, ಕುಕನೂರಿನ ಎರಿ ಬಯಲಿನಲ್ಲಿ ಚಿಗರಿ ಹಿಂಡು ಮೊಳಕೆ ಮೇಯ್ದಾಗ ಕಣ್ಣೀರಿಡುವ ರೈತನದೂ ಇದೇ ಮೊರೆ. ಅವನ ನಷ್ಟ ಕಟ್ಟಿಕೊಡದೆ ಚಿಗರಿಯ ಚೆಲುವನ್ನು ಮಾತ್ರ ಹಾಡುವುದು ಅನ್ಯಾಯ ಎಂದೇ ನಾನು ತಿಳಿದಿದ್ದೇನೆ.

ಇನ್ನು ಹೊಗೆಯ ಸಂಗತಿ. ಗಿಣಿಗೇರಿಯ ಕಡೆಯ ಹಳ್ಳಿಗಳಲ್ಲಿ ಎಲೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕರಿ ಧೂಳು ಕೂರುತ್ತದೆ. ಕೊಪ್ಪಳದ ಮಗ್ಗುಲಿಗೇ ಉಕ್ಕಿನ ಕಾರ್ಖಾನೆ ಹಿಗ್ಗಲಿದೆ ಎಂದಾಗ, 2025ರ ಫೆಬ್ರವರಿ 24ರಂದು ಊರೆಲ್ಲ ಅಂಗಡಿ ಮುಚ್ಚಿ ಬೀದಿಗಿಳಿಯಿತು. ನಿನ್ನ ಪೀಠದ ಸ್ವಾಮಿಗಳೇ ಮುಂದೆ ನಿಂತರು. ನಮ್ಮ ಹುಡುಗರಿಗೆ ಕೆಲಸ ಬೇಕು, ಇಲ್ಲ ಅನ್ನಲಾರೆ. ಆ ಕೆಲಸ ಅವರ ತಂದೆತಾಯಿಯ ಉಸಿರಿನ ಬೆಲೆಗೆ ಬರುವುದು ಬೇಡ. ತೀರ್ಮಾನ ಮಾಡುವ ಕುರ್ಚಿಯಲ್ಲಿ ಕೂತವರು ಒಂದು ರಾತ್ರಿಯಾದರೂ ಆ ಹಳ್ಳಿಗಳಲ್ಲಿ ಮಲಗಿ ಎದ್ದು ಸಹಿ ಹಾಕುವಂತೆ ಅವರ ಮನಸ್ಸು ತಿರುಗಿಸು.

ರಸ್ತೆ ಅಗಲ ಮಾಡುವಾಗ ಬಿದ್ದ ಬೇವು, ಹುಣಸೆಗಳ ಜಾಗದಲ್ಲಿ ಮತ್ತೆ ಬೇವು, ಹುಣಸೆಯೇ ಏಳಲಿ. ಅಂಜನಾದ್ರಿಯ 575 ಮೆಟ್ಟಿಲು ಹತ್ತುವ ಭಕ್ತರು ನೀರಿನ ಬಾಟಲಿಯನ್ನು ಅಲ್ಲೇ ಒಗೆಯದಿರಲಿ. ಸಾಣಾಪುರದ ಕೆರೆಗೆ ಬಂದವರು ಬಂಡೆಯ ಮೇಲೆ ಗಾಜು ಒಡೆಯದಿರಲಿ. ಮಳೆಗಾಲದ ನಾಲ್ಕು ದಿನ ಧುಮುಕುವ ಕಬ್ಬರಗಿಯ ಕಪಿಲತೀರ್ಥ ತನ್ನ ಪಾಡಿಗೆ ತಾನು ಧುಮುಕುತ್ತಿರಲಿ.

ಇದನ್ನು ಓದುತ್ತಿರುವ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಬಂಧುಗಳಲ್ಲೂ ಒಂದು ಬಿನ್ನಹ. ನಿಮ್ಮ ಊರ ಕೆರೆಯ ಏರಿಗೆ, ಹತ್ತಿರದ ಗುಡ್ಡಕ್ಕೆ ಮಕ್ಕಳನ್ನು ಈ ಭಾನುವಾರವೇ ಕರೆದೊಯ್ಯಿರಿ. ಒತ್ತುವರಿಯಾಗಲಿ, ಕಲ್ಲು ಒಡೆಯುವುದಾಗಲಿ, ಚರಂಡಿ ನೀರಾಗಲಿ ಕಣ್ಣಿಗೆ ಬಿದ್ದರೆ ಮುಂದಿನ ಗ್ರಾಮಸಭೆಯಲ್ಲಿ, ನಗರಸಭೆಯಲ್ಲಿ ಸರ್ವೆ ನಂಬರಿನ ಸಮೇತ ಬರೆದುಕೊಟ್ಟು, ಸ್ವೀಕೃತಿ ಪಡೆದು ಬನ್ನಿರಿ.